ಕನ್ನಡದಲ್ಲಿ ಮಾತ್ರ ಹೊಡೆದು ಹಾಕಿದ ಪದ

ಬಾಯಿ ಪೂರ್ತಿ ತೆರೆದಾಗ ನಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲಿನ ನಡುವೆ ಹೋಗಬೇಕು. ಆರೋಗ್ಯ ಕೇಂದ್ರದ ನರ್ಸಾಗಿ ಇದನ್ನು ಎಷ್ಟು ಮನೆಗಳ ಜಗಲಿಯಲ್ಲಿ ಕೂತು ತೋರಿಸಿದ್ದೇನೋ ನನಗೇ ನೆನಪಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ನೆರೆಮನೆಯ ಹೆಂಗಸು ಬಾಯಿ ತೆರೆದಾಗ ಒಂದು ಬೆರಳು ಹೋಯಿತು. ಎರಡನೆಯದು ಹೋಗಲಿಲ್ಲ.

ಆಕೆ ಅಡಿಕೆ ಸುಲಿಯುವ ಕೆಲಸದವಳು. ನೆಕ್ರಾಜೆಯಿಂದ ಅಗಲ್ಪಾಡಿಯವರೆಗೆ ಯಾರ ಅಂಗಳದಲ್ಲಿ ಅಡಿಕೆ ಒಣಗಿದರೂ ಆಕೆಗೆ ಕರೆ ಹೋಗುತ್ತದೆ. ಸುಲಿಯುತ್ತ ಸುಲಿಯುತ್ತ ಒಂದು ಚೂರು ಬಾಯಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಯಾರಿಗೂ ಚಟ ಅನ್ನಿಸುವುದಿಲ್ಲ.

"ಮೆಣಸು ತಾಗಿದ್ರೆ ಬಾಯಿ ಉರೀತದೆ ಅಕ್ಕ. ಗಂಜಿ ಮಾತ್ರ ಹೋಗ್ತದೆ," ಎಂದಳು. ಆಮೇಲೆ ನನಗೆ ಸಮಾಧಾನ ಹೇಳುವವಳ ಹಾಗೆ, "ಹೊಗೆಸೊಪ್ಪು ಬಿಟ್ಟು ಮೂರು ವರ್ಷ ಆಯ್ತು. ನೀವು ಕೊಟ್ಟ ಕಾಗದದಲ್ಲಿ ಹೇಗೆ ಉಂಟೋ ಹಾಗೇ ಮಾಡಿದ್ದೇನೆ. ಈಗ ಬರೀ ಅಡಿಕೆ. ಆಸೆ ತಡೀಲಿಕ್ಕೆ ಸ್ವಲ್ಪ ಜಾಸ್ತಿ ತಿಂತೇನೆ, ಅಷ್ಟೆ," ಎಂದಳು.

ಆ ಕಾಗದವನ್ನು ಬರೆದವಳು ನಾನು.

ಮೂರು ವರ್ಷದ ಹಿಂದೆ ಬಾಯಿ ಕ್ಯಾನ್ಸರಿನ ಬಗ್ಗೆ ಒಂದು ಕರಪತ್ರ ಬಂತು, ಗಡಿಯಾಚೆ ಉಳಿದ ನಮ್ಮ ಕನ್ನಡದ ಊರುಗಳಿಗೆ ಸರಕಾರದ ಎಲ್ಲ ಕಾಗದ ಬರುವ ಹಾಗೆ ಮಲಯಾಳದಲ್ಲಿ. ಹೊಗೆಸೊಪ್ಪು ಅಪಾಯ, ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಅಪಾಯ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಅಡಿಕೆಯೇ ಕ್ಯಾನ್ಸರ್ ತರುತ್ತದೆ, ಬಾಯಿಯ ಒಳಚರ್ಮವನ್ನು ಬಿಗಿಯಾಗಿಸುತ್ತದೆ ಎಂದು ಸಂಶೋಧನೆ ಹೇಳಿ ಎಷ್ಟೋ ಕಾಲವಾಯಿತು. ನಮ್ಮ ಕೇಂದ್ರದಲ್ಲಿ ಕನ್ನಡ ಬರೆಯಲು ಬರುವವಳು ನಾನೊಬ್ಬಳೇ ಆದ್ದರಿಂದ ಅನುವಾದ ನನ್ನ ಪಾಲಿಗೆ ಬಂತು. ಎರಡು ದಿನ ಕೂತು, ಅಜ್ಜಿಯಂದಿರಿಗೂ ತಿಳಿಯುವ ಹಾಗೆ ಬರೆದೆ.

ಅದನ್ನು ಒಪ್ಪಲಿಕ್ಕೆ ಒಂದು ಸಮಿತಿ ಸೇರಿತು. ಬಂದವರಿಗೆ ಮೊದಲು ಏನು ಕೊಟ್ಟರು ಗೊತ್ತೇ? ಎಲೆಅಡಿಕೆ ತಟ್ಟೆ. ಬಾಯಿ ಕ್ಯಾನ್ಸರಿನ ಸಭೆಗೆ! ಯಾರಿಗೂ ನಗು ಬರಲಿಲ್ಲ, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಮನೆಗೆ ಬಂದವರ ಎದುರು ತಟ್ಟೆ ಇಡದಿದ್ದರೆ ನಮ್ಮಲ್ಲಿ ಅದು ಅವಮಾನ. ವಾರ್ಡಿನ ಮೆಂಬರು ಒಂದು ಎಲೆ ಮಡಚಿ ಬಾಯಿಗಿಟ್ಟುಕೊಂಡು ನನ್ನ ಬರಹ ಓದಿದರು. ಕಿಟಕಿಯ ಹತ್ತಿರ ಹೋಗಿ ಉಗಿದು ಬಂದು ಕೂತರು.

"ಎಂತ ಇದು ಮಾರಾಯ್ತಿ? ಅಡಿಕೆ ವಿಷ ಅಂತ ಸರಕಾರವೇ ಹಂಚಿದ್ರೆ ನಾಳೆ ರೇಟು ಉಂಟಾ? ಹೊಗೆಸೊಪ್ಪು ಅಂತ ಇದ್ರೆ ಸಾಕಲ್ಲ. ನಿಮ್ಮ ಅಪ್ಪನದ್ದೂ ತೋಟ ಅಲ್ವಾ?"

"ಮಲಯಾಳದ್ದರಲ್ಲಿ ಉಂಟಲ್ಲ," ಎಂದೆ.

"ಅದು ಇರ್ಲಿ. ಅದನ್ನು ಓದುವವರಿಗೆ ತೋಟ ಇಲ್ಲ."

ನಾನು ನಮ್ಮ ಕೇಂದ್ರದ ಡಾಕ್ಟರ ಮುಖ ನೋಡಿದೆ. ಅವರು ತೆಂಕಣ ಜಿಲ್ಲೆಯವರು, ಕನ್ನಡದ ಒಂದಕ್ಷರ ಬಾರದು. "ನಿಮ್ಮ ಭಾಷೆ, ನಿಮ್ಮ ಜನ. ನಿಮಗೇ ಚೆನ್ನಾಗಿ ಗೊತ್ತು," ಎಂದು ಮಲಯಾಳದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ತಮಗೆ ಓದಲು ಬಾರದ ಕಾಗದದ ಕೆಳಗೆ ಸಹಿಯನ್ನೂ ಹಾಕಿದರು.

ನಾನು ಪೆನ್ನು ತೆಗೆದು ಅಡಿಕೆ ಎಂಬ ಪದ ಹೊಡೆದೆ. ಯಾರೂ ನನ್ನ ಕೈ ಹಿಡಿದು ಹೊಡೆಸಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅಡಿಕೆ ಬೆಳೆಯುವ, ಸುಲಿಯುವ, ದಿನವಿಡೀ ಜಗಿಯುವ ಜನ ಓದುವ ಭಾಷೆಯಲ್ಲಿ ಮಾತ್ರ ಅಡಿಕೆಯ ಸುದ್ದಿ ಇಲ್ಲವಾಯಿತು. ಕನ್ನಡ ಕರಪತ್ರ ಹಂಚಿ ಆಗಿದೆ ಎಂದು ವರದಿ ಹೋಯಿತು, ಮೇಲಿನಿಂದ ಶಾಭಾಸ್ ಬಂತು. ಕಾಗದ ಹಂಚಿದರೆ ಕೆಲಸ ಮುಗಿಯಿತು ಇವರಿಗೆ. ಅದರಲ್ಲಿ ಏನಿದೆ, ಓದಿದವರು ಏನು ಮಾಡಿದರು ಎಂದು ಕೇಳಿದ ಒಬ್ಬ ಪುಣ್ಯಾತ್ಮನನ್ನು ನಾನು ಈವರೆಗೆ ಕಂಡಿಲ್ಲ.

ಆ ಪದ ಹೊಡೆದ ವಾರವೇ ನಾನು ತವರಿಗೆ ಹೋಗಿದ್ದೆ. ಅಮ್ಮನ ಎಲೆಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. "ಹೊಗೆಸೊಪ್ಪು ಮುಟ್ಟಿದವಳಲ್ಲ ನಾನು, ಒಂದು ಹೋಳು ಅಡಿಕೆಗೆ ಎಂತ ಆಗ್ತದೆ?" ಎಂದು ಅಮ್ಮ ಜಗಳಕ್ಕೆ ಬಂದಳು. ಹೊಗೆಸೊಪ್ಪು ಬೇಡ, ಅಡಿಕೆಯೇ ಸಾಕು ಕೊಲ್ಲಲಿಕ್ಕೆ ಎಂದು ಬೈದು ಬಿಡಿಸಿದೆ. ಒಂದು ತಿಂಗಳು ಅಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಈಗ ಚೆನ್ನಾಗಿದ್ದಾಳೆ.

ನೆರೆಮನೆಯವಳ ಬಾಯಿ ನೋಡಿದ ಮರುದಿನವೇ ಡಾಕ್ಟರ ಎದುರು ನಿಂತು ಕೂಗಾಡಿದೆ. ಮುಂದಿನ ಮುದ್ರಣದಲ್ಲಿ ನೋಡುವ ಎಂದರು. ಮೆಂಬರಿಗೆ ಫೋನು ಮಾಡಿದೆ. "ಹೊಡೆದದ್ದು ನೀವೇ ಅಲ್ವಾ ಅಕ್ಕ?" ಎಂದು ಅವರು ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋದದ್ದು ಹಾಗೆಯೇ.

ಆಕೆಯನ್ನು ಮಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಕೆನ್ನೆಯ ಒಳಗೊಂದು ಬಿಳಿ ಮಚ್ಚೆ ಇತ್ತು, ಅದರ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಪುನಃ ಹೋದೆವು. ಕ್ಯಾನ್ಸರು ಶುರುವಾಗಿತ್ತು. ಕೆನ್ನೆಯ ಭಾಗ ತೆಗೆಯಬೇಕು, ದವಡೆಯನ್ನೂ ತೆಗೆಯಬೇಕಾದೀತು ಎಂದರು. ಅಲ್ಲಿಯ ಡಾಕ್ಟರು ಆಕೆಗೆ ತಿಳಿಯುವ ಕನ್ನಡದಲ್ಲೇ ಹೇಳಿದರು: "ಹೊಗೆಸೊಪ್ಪು ಬಿಟ್ಟದ್ದು ಒಳ್ಳೆಯದಾಯ್ತು. ಅಡಿಕೆಯನ್ನೂ ಆವಾಗಲೇ ಬಿಡ್ಬೇಕಿತ್ತು ಅಮ್ಮ."

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಬದಿ ಕೂತಿದ್ದಳು. ಮಂಜೇಶ್ವರ ದಾಟಿದ ಮೇಲೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸಭೆ, ತಟ್ಟೆ, ಮೆಂಬರು, ನನ್ನ ಪೆನ್ನು. ಆಕೆ ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಕೆ ತೆರೆಯದ ಬಾಯಿಯಲ್ಲೇ ನಿಧಾನವಾಗಿ ಕೇಳಿದಳು.

"ನಿಮ್ಮ ಅಮ್ಮನಿಗೆ ಹೇಳಿದ್ದಿರಾ?"

"ಹೇಳಿದ್ದೆ," ಎಂದೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಸ್ಟಾಪು ಬರುವವರೆಗೂ ನನ್ನ ಕಡೆಗೆ ತಿರುಗಲಿಲ್ಲ.