ಊರು ಸಾಗಿಸಿದ ಭಾನುವಾರ

ಈ ದಿನ ಬೆಳಿಗ್ಗೆ ಪೀಣ್ಯದ ನಮ್ಮ ಕಾರ್ಖಾನೆಯ ಆಫೀಸಿಗೆ ಕಂಪ್ಯೂಟರ್ ರಿಪೇರಿಯವನು ಬಂದು ಹಳೆಯ ಪೆಟ್ಟಿಗೆಯೊಂದರ ಬೆನ್ನು ಬಿಚ್ಚಿದ. ಒಳಗಿನಿಂದ ಬಿಸಿ ಧೂಳಿನ ವಾಸನೆ ಬುಸ್ಸೆಂದು ಎದ್ದಿತು. ಪಕ್ಕದ ಮೇಜಿನವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕುರ್ಚಿ ಎಳೆದುಕೊಂಡು ಹತ್ತಿರ ಹೋದೆ. ಆ ವಾಸನೆಯಲ್ಲಿ ಏನೋ ಕಡಿಮೆ ಅನ್ನಿಸಿತು. ಊದುಬತ್ತಿಯ ಬೂದಿ ಇರಲಿಲ್ಲ, ರಾಗಿಹಿಟ್ಟಿನ ಘಮ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಬಿಚ್ಚಿದ ಒಂದು ಲ್ಯಾಪ್‌ಟಾಪಿನಲ್ಲಿ ಇವೆಲ್ಲ ಇದ್ದವು. ಜೊತೆಗೆ ಒಂದು ಇಡೀ ಊರು ಇತ್ತು. ನಂಬುವುದು ಕಷ್ಟ ಎಂದು ನನಗೂ ಗೊತ್ತು, ಆದರೂ ಸ್ವಲ್ಪ ಹೊತ್ತು ನನ್ನ ಜೊತೆ ಕೂತಿರಿ.

ನನ್ನದು ತಪಾಸಣೆಯ ಕೆಲಸ. ಲೇತ್ ಯಂತ್ರದಿಂದ ಇಳಿದ ಉಕ್ಕಿನ ಶಾಫ್ಟುಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ತೆಗೆದಿಡುವುದು. ಇಂಥ ಕೆಲಸ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ. ಮದುವೆಮನೆಯಲ್ಲಿ ಊಟದ ಎಲೆಗಳು ಸೊಟ್ಟಗಿದ್ದರೆ ನನಗೆ ಪಾಯಸ ರುಚಿಸದು. ಸ್ಕ್ರೂ ಕಂಡರೆ ಬಿಚ್ಚಬೇಕು, ಸಾಲು ತಪ್ಪಿದ್ದು ಕಂಡರೆ ಜೋಡಿಸಬೇಕು. ನಮ್ಮ ಮನೆಯ ಮಿಕ್ಸಿ, ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ ಎಲ್ಲವೂ ಈ ಚಟಕ್ಕೆ ಒಮ್ಮೆಯಾದರೂ ಬಲಿಯಾಗಿವೆ. ನಾನು ಸ್ಕ್ರೂಡ್ರೈವರ್ ಹಿಡಿದು ಕೂತರೆ ಹೆಂಡತಿ ಅದರ ಪಕ್ಕದಲ್ಲೇ ಹೊಸದು ಕೊಳ್ಳುವ ಅಂಗಡಿಯ ವಿಳಾಸವನ್ನೂ ತಂದಿಡುತ್ತಾಳೆ.

ಕುಂದಲಹಳ್ಳಿಯಲ್ಲಿ ನನ್ನ ದೊಡ್ಡಮ್ಮ ಇದ್ದಾಳೆ, ನಮ್ಮಪ್ಪನ ಅಣ್ಣನ ಹೆಂಡತಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವಳದೇ ನಾಲ್ಕು ಮಹಡಿಯ ಪೀಜಿ ಎದ್ದಿದೆ. ಕೆಳಗಿನ ಮನೆಯಲ್ಲಿ ದೊಡ್ಡಮ್ಮನೂ ಸೊಸೆ ಮಂಜುಳಾಳೂ ಇರುತ್ತಾರೆ, ಮೇಲೆಲ್ಲ ಕಂಪನಿಗಳಿಗೆ ಹೋಗುವ ಹುಡುಗರು. ದೊಡ್ಡಮ್ಮ ಗಟ್ಟಿಗಿತ್ತಿ. ಗಲಾಟೆ ಮಾಡಿದವನ ಹಾಸಿಗೆಯನ್ನು ಸಂಜೆಯೊಳಗೆ ಬೀದಿಗೆ ಹಾಕಿಸಬಲ್ಲಳು. ಅಕ್ಷರ ಬಾರದು, ಆದರೆ ಅದಕ್ಕಾಗಿ ಅವಳು ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ನೋಡಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಫೋನಿನ ಫೋಟೊಗಳು ಚಿಕ್ಕವಾಗಿ ಕಾಣುತ್ತವೆ ಎಂದು ಗೊಣಗಿದಳು. ನಾನು ಹೊಸ ಲ್ಯಾಪ್‌ಟಾಪ್ ಕೊಂಡಿದ್ದೆ, ಹಳೆಯದನ್ನು ಅವಳಿಗೆ ಕೊಟ್ಟೆ. ಮೌಸ್ ಹಿಡಿಯುವುದನ್ನೂ ಒಂದು ಚಿತ್ರವನ್ನು ಇಲ್ಲಿಂದ ಅಲ್ಲಿಗೆ ಎಳೆಯುವುದನ್ನೂ ಕಲಿಸಿದೆ. ಅವಳು ಅದನ್ನು ದೇವರ ಗೂಡಿನ ಪಕ್ಕದಲ್ಲಿ, ರಾಗಿಹಿಟ್ಟಿನ ಡಬ್ಬದ ಮೇಲೆ ಪ್ರತಿಷ್ಠಾಪಿಸಿದಳು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಫೋಟೊ ನೋಡಬಹುದಂತೆ ಎಂಬ ಸುದ್ದಿ ಹಳೆಯ ಊರಿನವರಿಗೆಲ್ಲ ಹಬ್ಬಿತು. ಕೆಲವರು ಮಾರತ್ತಹಳ್ಳಿಯ ಕಡೆ ಹೋಗಿದ್ದರು, ಕೆಲವರು ಇನ್ನೆಲ್ಲೋ ಫ್ಲಾಟು ಸೇರಿದ್ದರು. ಒಬ್ಬೊಬ್ಬರಾಗಿ ಆಲ್ಬಮ್ಮು ಹಿಡಿದು ಬಂದರು. ಮದುವೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹೊಂದುವಂತೆ ಬದಲಿಸಿಕೊಂಡು ತಂದರು. ಮಂಜುಳಾ ಆಲ್ಬಮ್ಮಿನ ಚಿತ್ರಗಳನ್ನು ಫೋನಿನಲ್ಲಿ ತೆಗೆದು, ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ಮನೆಗೊಂದು ಫೋಲ್ಡರ್, ಅದರ ಮೇಲೆ ಆ ಮನೆಯ ಯಾರದೋ ಮುಖ. ಕೊನೆಗೆ ಒಂದು ದಿನ ಲ್ಯಾಪ್‌ಟಾಪು ಇನ್ನು ಜಾಗವಿಲ್ಲ ಎಂದುಬಿಟ್ಟಿತು. ದೊಡ್ಡಮ್ಮ ನನಗೆ ಫೋನು ಮಾಡಿದಳು.

"ಒಂದಷ್ಟು ಅಳಿಸಿಬಿಡೋಣ ದೊಡ್ಡಮ್ಮ, ಬೇಡದ್ದು ಎಷ್ಟೋ ಇರ್ತವೆ" ಎಂದೆ.

"ಯಾರ ಮನೆ ಖಾಲಿ ಮಾಡ್ಸ್ಲಿ, ಏಳ್ಲಾ ನೋಡಾನ" ಎಂದಳು.

ದಿನ ಬೆಳಗಾದರೆ ಬಾಡಿಗೆಯವರನ್ನು ಖಾಲಿ ಮಾಡಿಸುವವಳ ಬಾಯಲ್ಲಿ ಈ ಮಾತು! ನನಗೆ ನಗು ಬಂತು. ದೊಡ್ಡ ಡಿಸ್ಕು ಹಾಕಿಕೊಡುತ್ತೇನೆಂದು ಹೇಳಿ, ಒಂದು ಭಾನುವಾರ ಹೊಸ ಹಾರ್ಡ್ ಡಿಸ್ಕನ್ನೂ ಸಣ್ಣ ಸ್ಕ್ರೂಡ್ರೈವರುಗಳ ಪೆಟ್ಟಿಗೆಯನ್ನೂ ಹಿಡಿದು ಮೆಟ್ರೋ ಹತ್ತಿದೆ.

ಲ್ಯಾಪ್‌ಟಾಪ್ ತೆರೆದಾಗ ನನಗೆ ಕಂಡದ್ದು ಗೊಂದಲ. ಹುರುಳಿ ಚೆಲ್ಲಿದ ಹಾಗೆ ಪರದೆಯ ತುಂಬ ಫೋಲ್ಡರುಗಳು. ಒಂದು ಕಡೆ ಒತ್ತೊತ್ತಾಗಿ ಗುಂಪು, ಒಂದು ಕಡೆ ಒಂದೇ ಒಂದು, ಬಲಗಡೆಯ ಮೇಲ್ಭಾಗದಲ್ಲಿ ಏನೂ ಇಲ್ಲ. ನನ್ನ ಕೈ ತುರಿಸಿತು. ಎಲ್ಲವನ್ನೂ ಒಂದೇ ಏಟಿಗೆ ಸಾಲಾಗಿ ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೌಸ್ ಆ ಕಡೆ ಹೊರಟಾಗ ದೊಡ್ಡಮ್ಮ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು.

"ಮುಟ್ಬ್ಯಾಡ. ಏನ್ ಮಾಡಕ್ಕೆ ಓಗ್ತಿದೀಯ?"

"ನೀಟಾಗಿ ಜೋಡಿಸ್ತೀನಿ ಕಣಮ್ಮ."

"ಜೋಡ್ಸೇ ಐತೆ. ಕಣ್ಣಾಕಿ ನೋಡು."

ಅವಳು ತೋರುಬೆರಳನ್ನು ಪರದೆಯ ಕೆಳಗಿನ ಮೂಲೆಯಲ್ಲಿಟ್ಟಳು. "ಇದು ಊರ ಬಾಗ್ಲು. ಇಂಗೆ ಬಂದ್ರೆ ಬಳೆ ಸಾವಿತ್ರಮ್ಮನ ಮನೆ. ಇದ್ರ ಎದುರ್ಗೆ ಮುನಿಯಪ್ಪನ್ದು. ಇಲ್ಲಿ ಓಣಿ, ಗಾಡಿ ಓಗಾಕಿಲ್ಲ, ನಡ್ಕಂಡೇ ಓಗ್ಬೇಕು." ಒತ್ತೊತ್ತಾಗಿದ್ದ ಆ ಗುಂಪು ಒಂದೇ ಅಂಗಳದ ಸುತ್ತ ಇದ್ದ ಅಣ್ಣತಮ್ಮಂದಿರ ಮನೆಗಳು. ಒಂಟಿಯಾಗಿದ್ದದ್ದು ತೋಪಿನ ಆಚೆ ಇದ್ದ ಕುಂಬಾರರ ಮನೆ. ಬೆರಳು ಓಣಿ ದಾಟಿತು, ಅರಳೀಕಟ್ಟೆ ಸುತ್ತಿತು, ದಿಣ್ಣೆ ಹತ್ತಿತು. ಹತ್ತುವಾಗ ಅವಳ ಉಸಿರೂ ಸ್ವಲ್ಪ ಏರಿತು, ನಾನು ಸುಳ್ಳು ಹೇಳುತ್ತಿಲ್ಲ.

"ಮೇಲ್ಗಡೆ ಇಷ್ಟು ಜಾಗ ಖಾಲಿ ಬಿಟ್ಟಿದೀಯಲ್ಲ?" ಎಂದು ಕೇಳಿದೆ.

"ಅದು ಕೆರೆ ಕಣ್ಲಾ. ಕೆರೆ ಮ್ಯಾಲೆ ಯಾರಾದ್ರೂ ಮನೆ ಕಟ್ತಾರಾ?"

ಇಷ್ಟು ಹೊತ್ತು ನಾನು ನೋಡುತ್ತಿದ್ದದ್ದು ನಕ್ಷೆ. ಓದಲು ಬಾರದ ಕಾರಣ ಹೆಸರು ನೋಡಿ ಹುಡುಕುವುದು ಅವಳಿಗೆ ಸಾಧ್ಯವಿರಲಿಲ್ಲ, ಮನೆ ಎಲ್ಲಿತ್ತೋ ಅಲ್ಲಿಗೇ ಹೋಗಿ ಹುಡುಕುತ್ತಿದ್ದಳು. ಅದಕ್ಕಾಗಿ ಊರನ್ನು ಇದ್ದ ಹಾಗೆಯೇ, ಇದ್ದ ಜಾಗದಲ್ಲೇ ಕೂರಿಸಿದ್ದಳು. ಕಿಟಕಿಯಾಚೆ ಗಾಜಿನ ಕಟ್ಟಡಗಳು, ರಸ್ತೆಯುದ್ದಕ್ಕೂ ಹಾರ್ನು. ಕಿಟಕಿಯೀಚೆ, ಹಿಟ್ಟಿನ ಡಬ್ಬದ ಮೇಲೆ, ಓಣಿ ಸಮೇತ ಕುಂದಲಹಳ್ಳಿ. ಸಾಲು ಸಾಲು ಎಂದು ಜೀವಮಾನವಿಡೀ ಹೊಡೆದುಕೊಂಡ ನಾನು ಮೌಸಿನ ಮೇಲಿದ್ದ ಕೈಯನ್ನು ಹಿಂದೆ ತೆಗೆದುಕೊಂಡೆ.

ಬೆರಳು ಕೆರೆಯ ಏರಿ ಇಳಿದು ಎಡಕ್ಕೆ ತಿರುಗಿತು. ಎರಡು ಮನೆಗಳ ನಡುವೆ ಒಂದು ಫೋಲ್ಡರಿನಷ್ಟು ಜಾಗ ಬರಿದಾಗಿತ್ತು. ಅಲ್ಲಿ ಬೆರಳು ನಿಂತಿತು. "ಇದು ನಿಮ್ದು. ಹುಣಸೇಮರದ ಮನೆ. ಬೀಗ ಆಕೈತೆ" ಎಂದಳು.

ನಾನು ಶಾಲೆ ಸೇರುವ ಮೊದಲೇ ಅಪ್ಪ ಪೀಣ್ಯದ ಕೆಲಸ ಹಿಡಿದು, ನಮ್ಮ ಪಾಲಿನ ಮನೆಯನ್ನು ಮಾರಿ ಹೊರಟರು. ಆ ಮನೆಯ ಒಂದು ಗೋಡೆಯೂ ನನಗೆ ನೆನಪಿಲ್ಲ, ಒಂದು ಚಿತ್ರವೂ ನಮ್ಮ ಹತ್ತಿರ ಇರಲಿಲ್ಲ. ಆದರೂ ಇಷ್ಟು ಇಕ್ಕಟ್ಟಿನಲ್ಲಿ ಬೇರೆ ಯಾರನ್ನೂ ಅಲ್ಲಿ ಕೂರಿಸದೆ ಅವಳು ಜಾಗ ಕಾದಿದ್ದಳು. ನಾನು ಸ್ಕ್ರೂಡ್ರೈವರ್ ಪೆಟ್ಟಿಗೆಯ ಮುಚ್ಚಳ ತೆಗೆದೆ, ಮುಚ್ಚಿದೆ.

"ಒಸ ಡಿಸ್ಕಿಗೆ ಊರು ಇಂಗೇ ಓಗ್ತದಾ, ಇಲ್ಲಾ ಸೈಟ್ ಅಂಚ್ದಂಗೆ ಸಾಲಾಗಿ ಆಕ್ಬಿಡ್ತದಾ?" ಎಂದು ದೊಡ್ಡಮ್ಮ ಕೇಳಿದಳು.

ಅದೇ ಪ್ರಶ್ನೆ. ಸುಲಭದ ದಾರಿಯಲ್ಲಿ ಹೋದರೆ, ಎಂದರೆ ಹೊಸದರಲ್ಲಿ ಎಲ್ಲ ಹೊಸದಾಗಿ ಹಾಕಿ ಫೋಟೊಗಳನ್ನು ಮಾತ್ರ ತುಂಬಿದರೆ, ಫೋಟೊಗಳು ಉಳಿದಾವು, ಊರು ಉಳಿಯದು. ಇನ್ನೊಂದು ದಾರಿಯಲ್ಲಿ ಹಳೆಯ ಡಿಸ್ಕಿನಲ್ಲಿ ಏನೇನು ಎಲ್ಲೆಲ್ಲಿದೆಯೋ ಹಾಗೆಯೇ ಪಡಿಯಚ್ಚಾಗಿ ಹೊಸದಕ್ಕೆ ಇಳಿಸಬಹುದು. ಆದರೆ ಹಳೆಯ ಡಿಸ್ಕು ಆಗಲೇ ಒಳಗಿನಿಂದ ಟಿಕ್ ಟಿಕ್ ಎನ್ನುತ್ತಿತ್ತು. ಇಂಥ ಸದ್ದು ಬರುವ ಯಂತ್ರ ನಡುವೆ ನಿಂತರೆ ಮತ್ತೆ ಏಳುವ ಖಾತ್ರಿ ಇಲ್ಲವೆಂದು ನನ್ನ ಕಾರ್ಖಾನೆಯ ಕಿವಿಗೆ ಗೊತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಬೇರೆ ಎಂದೋ ಸತ್ತಿತ್ತು. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಯೋಚಿಸಿ, "ಅಂಗೇ ಎತ್ಕೊಂಡೋಗು. ಒಬ್ಬರ್ನೂ ಬಿಟ್ಟೋಗ್ಬ್ಯಾಡ" ಎಂದಳು.

ಹೊಸ ಡಿಸ್ಕನ್ನು ವಯರಿನಿಂದ ಜೋಡಿಸಿ ನಕಲು ಶುರುಮಾಡಿದೆ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಇರುವೆಯ ನಡಿಗೆಯಲ್ಲಿ ಹೊರಟಿತು. ದೊಡ್ಡಮ್ಮ ಎದ್ದು ಹೋಗಿ ಒಲೆಯ ಮೇಲೆ ಹಾಲಿಟ್ಟು ಬಂದಳು.

"ಕಾಫಿ ಈಗ ಬೇಡಮ್ಮ" ಎಂದೆ.

"ಕಾಫಿಗಲ್ಲ ಕಣ್ಲಾ. ಒಸ ಮನೆಗೆ ಓಗೋವಾಗ ಆಲು ಉಕ್ಕಿಸ್ದೆ ಓಗ್ತಾರಾ? ಊರಿಗೂರೇ ಓಗ್ತಾ ಐತೆ."

ಉರಿ ತೀರಾ ಸಣ್ಣದು ಮಾಡಿದ್ದಳು, ಊರು ತಲುಪುವ ಹೊತ್ತಿಗೇ ಉಕ್ಕಬೇಕಂತೆ. ಮಂಜುಳಾ ನನ್ನ ಕಡೆ ನೋಡಿ ಸೆರಗಿನಲ್ಲಿ ನಗು ಒರೆಸಿಕೊಂಡಳು. ಪಟ್ಟಿ ಅರ್ಧ ದಾಟಿರಬಹುದು, ಕರೆಂಟು ಹೋಯಿತು.

ಫ್ಯಾನು ನಿಂತಿತು. ಲ್ಯಾಪ್‌ಟಾಪು ನಿಲ್ಲಲಿಲ್ಲ, ಮನೆಯ ಇನ್ವರ್ಟರಿಗೆ ಅದನ್ನು ಜೋಡಿಸಿದ್ದೆ. ಆದರೆ ಮೇಲಿನ ಪೀಜಿಯ ದೀಪ, ವೈಫೈ ಎಲ್ಲ ಅದೇ ಇನ್ವರ್ಟರಿನ ಮೇಲಿದ್ದವು. ಅದು ಸ್ವಲ್ಪ ಹೊತ್ತಿಗೇ ಕೀಕ್ ಕೀಕ್ ಎಂದು ಅಳತೊಡಗಿತು. ನನ್ನ ಮುಖ ನೋಡಿದ ದೊಡ್ಡಮ್ಮನಿಗೆ ವಿವರಣೆ ಬೇಕಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಬಳಿ ನಿಂತು, ಹಿಂದೆ ಹೊಲದಾಚೆಯವರನ್ನು ಕರೆಯುತ್ತಿದ್ದ ಗಂಟಲಿನಲ್ಲಿ ಕೂಗಿದಳು:

"ಏ ಉಡುಗ್ರಾ! ಎಲ್ಲಾ ಸುಚ್ಚು ಆಫ್ ಮಾಡ್ರೋ! ಊರು ಸಾಗಿಸ್ತಾ ಇದೀವಿ!"

"ಆಂಟಿ, ಮ್ಯಾಚ್ ನಡೀತಿದೆ ಆಂಟಿ" ಎಂದಿತು ಮೇಲಿನಿಂದ ಒಂದು ದನಿ.

"ಮ್ಯಾಚು ನಾಳೆನೂ ಆಡ್ತಾರೆ ಕಣೋ!"

ಮಹಡಿಯಿಂದ ಮಹಡಿಗೆ ಟಪ ಟಪ ಸ್ವಿಚ್ಚುಗಳು ಆರಿದವು. ಕೀಕ್ ಸದ್ದು ನಿಂತಿತು. ಇಡೀ ಕಟ್ಟಡ ಮೌನವಾಗಿ ಕೂತಿತು, ಹಸಿರು ಪಟ್ಟಿ ಮಾತ್ರ ತೆವಳಿತು. ದೊಡ್ಡಮ್ಮ ಅದರ ಮುಂದೆ ನೆಲದ ಮೇಲೆ ಕೂತು ಕದಲಲಿಲ್ಲ. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರಿರಬೇಕು ಎಂದುಕೊಂಡು ಬಗ್ಗಿ ಕೇಳಿದರೆ ಸಾವಿತ್ರಮ್ಮ, ಮುನಿಯಪ್ಪ, ಕುಂಬಾರರ ಗಂಗಮ್ಮ. ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸುತ್ತಿದ್ದಳು.

ಪಟ್ಟಿ ತುಂಬಿತು. ಲ್ಯಾಪ್‌ಟಾಪನ್ನು ಮಗುಚಿ ಬೆನ್ನು ಬಿಚ್ಚಿದಾಗ ಎದ್ದದ್ದೇ ಆ ವಾಸನೆ, ಊದುಬತ್ತಿ, ರಾಗಿ, ಎಣ್ಣೆಜಿಡ್ಡು ಎಲ್ಲ ಸೇರಿದ್ದು. ಹಳೆಯ ಡಿಸ್ಕನ್ನು ಎತ್ತಿ ದೊಡ್ಡಮ್ಮನ ಅಂಗೈ ಮೇಲಿಟ್ಟೆ. ಅದು ಇನ್ನೂ ಬೆಚ್ಚಗಿತ್ತು.

"ಇಷ್ಟ್ರೊಳ್ಗಾ ಎಲ್ರೂ ಇದ್ದಿದ್ದು?" ಎಂದು ಕೇಳಿ ಅದನ್ನು ಕಣ್ಣಿಗೊತ್ತಿಕೊಂಡಳು. ಹೊಸದನ್ನು ನೋಡಿ, "ದೊಡ್ದು ಅಂದೆ, ಇದೂ ಅಷ್ಟೇ ಐತಲ್ಲ" ಎಂದಳು. ಒಳಗೆ ದೊಡ್ಡದು ಎಂದೆ. ಸಾವಿರಾರು ಶಾಫ್ಟು ಅಳೆದವನಿಗೆ ಅದರ ಒಳಗನ್ನು ಅಳೆಯುವ ಮಾಪಕ ಗೊತ್ತಿಲ್ಲ.

ಸ್ಕ್ರೂ ಬಿಗಿದು ಗುಂಡಿ ಒತ್ತಿದೆ. ಪರದೆ ಕಪ್ಪಾಗಿಯೇ ಇತ್ತು. ಇನ್ನೂ ಕಪ್ಪಾಗಿಯೇ ಇತ್ತು. ದೊಡ್ಡಮ್ಮನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. ಆಮೇಲೆ ಬೆಳಕು ಬಂತು. ಊರ ಬಾಗಿಲು ಬಂತು. ಸಾವಿತ್ರಮ್ಮ ಬಂದಳು, ಎದುರಿಗೆ ಮುನಿಯಪ್ಪ, ಓಣಿ, ಅಂಗಳದ ಸುತ್ತ ಅಣ್ಣತಮ್ಮಂದಿರು, ತೋಪಿನಾಚೆ ಗಂಗಮ್ಮ. ಮೇಲೆ ಕೆರೆ, ಬಟಾಬಯಲು. ಒಂದು ಮನೆಯೂ ಒಂದು ಎಳೆಯಷ್ಟೂ ಕದಲಿರಲಿಲ್ಲ. ನನ್ನ ವೃತ್ತಿಯಲ್ಲಿ ಇಷ್ಟು ನಿಖರವಾದದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯಲ್ಲಿ ಹಾಲು ಯಾವಾಗಲೋ ಉಕ್ಕಿ, ಒಲೆ ಆರಿಸಿ, ಕಟ್ಟೆಯಿಂದ ಇಳಿದು ನೆಲದ ಮೇಲೆ ಹರಿದಿತ್ತು. "ಅಯ್ಯೋ, ಒಂದು ಲೋಟ ಉಕ್ಕಿಸಿದ್ರೆ ಸಾಕಾಗಿತ್ತು, ಪಾತ್ರೆನೇ ಹರಿಸಿದೀರಲ್ಲ ಅತ್ತೆ" ಎಂದು ಮಂಜುಳಾ ಬಟ್ಟೆ ತಂದಳು.

ದೊಡ್ಡಮ್ಮ ಅತ್ತ ತಿರುಗಿಯೂ ನೋಡಲಿಲ್ಲ. "ಇನ್ನೆಷ್ಟು ಜಾಗ ಐತೆ?" ಎಂದಳು.

"ಬೇಕಾದಷ್ಟಿದೆ. ಇಂಥ ಊರು ಇನ್ನೂ ಎಷ್ಟೋ ಹಿಡಿಸ್ತವೆ."

"ಅಂಗಾದ್ರೆ ಮೊದ್ಲು ನಿಮ್ಮನೆ ಬೀಗ ತೆಗೆಯಾನ."

"ಆ ಮನೆ ಫೋಟೊ ಇಲ್ಲವಲ್ಲ ದೊಡ್ಡಮ್ಮ. ನನಗೆ ಅದು ನೆನಪೂ ಇಲ್ಲ."

"ಗ್ವಾಡೆ ಯಾವನಿಗ್ ಬೇಕು? ನೀನಿದೀಯಲ್ಲ. ನೆಟ್ಟಗೆ ಕೂತ್ಕೊ."

ಮಂಜುಳಾ ಹಾಲಿನ ಕೈ ಒರೆಸಿಕೊಂಡು ಫೋನಿನಲ್ಲಿ ನನ್ನ ಫೋಟೊ ತೆಗೆದಳು. ಕೆದರಿದ ತಲೆ, ಮೂಗಿನ ಮೇಲೆ ಧೂಳು, ಕೈಯಲ್ಲಿ ಸ್ಕ್ರೂಡ್ರೈವರ್. ಅದು ಪರದೆಗೆ ಬಂದಾಗ ದೊಡ್ಡಮ್ಮ ಮೌಸ್ ಹಿಡಿದು ನನ್ನನ್ನು ಊರ ಬಾಗಿಲಿಂದ ಎಳೆದುಕೊಂಡು ಹೊರಟಳು. ನೇರವಾಗಿ ಎಳೆಯಬಹುದಿತ್ತು, ಎಳೆಯಲಿಲ್ಲ. ಓಣಿಯಲ್ಲೇ ಕರೆದುಕೊಂಡು ಹೋದಳು, ಕಟ್ಟೆ ಸುತ್ತಿಸಿದಳು, ಏರಿ ಹತ್ತಿಸಿ ಇಳಿಸಿದಳು, ಎಡಕ್ಕೆ ತಿರುಗಿ ಆ ಬರಿದು ಜಾಗದಲ್ಲಿ ಬಿಟ್ಟಳು.

"ಬಂದ ನೋಡು" ಎಂದಳು, ನನಗಲ್ಲ, ಅಕ್ಕಪಕ್ಕದ ಮನೆಗಳಿಗೆ.

ಇದನ್ನೆಲ್ಲ ನೆನೆಯುತ್ತಾ ನಾನು ಮೈಮರೆತಿರಬೇಕು. ರಿಪೇರಿಯವನು ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಮಾತಿಗೆಂದು ಕೇಳಿದ:

"ಸಾರ್, ನಿಮ್ದು ಯಾವೂರು?"

ಈ ಪ್ರಶ್ನೆಗೆ ನಾನು ವರ್ಷಗಟ್ಟಲೆ ಕೊಟ್ಟ ಉತ್ತರ, ಇಲ್ಲೇ ಪೀಣ್ಯ. ಈ ದಿನ ಬಾಯಿಗೆ ಬಂದದ್ದು ಬೇರೆ. "ಕುಂದಲಹಳ್ಳಿ" ಎಂದೆ.

"ವೈಟ್‌ಫೀಲ್ಡ್ ಸೈಡಾ? ನಾನು ಆ ಕಡೆ ಸುಮಾರು ಓಡಾಡ್ತೀನಿ ಸಾರ್. ಯಾವ ಅಪಾರ್ಟ್‌ಮೆಂಟು?"

"ಅಪಾರ್ಟ್‌ಮೆಂಟ್ ಅಲ್ಲಪ್ಪ. ಕೆರೆ ಏರಿ ಇಳಿದು ಎಡಕ್ಕೆ ತಿರುಗಿದ್ರೆ, ಹುಣಸೇಮರದ ಮನೆ."

ಅವನು ಗುರುತು ಸಿಕ್ಕಿದವನಂತೆ ತಲೆಯಾಡಿಸಿದ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲೇ ಇಲ್ಲ.