ಕಮಠಾಣದ ಹಾವಗೆಪ್ಪ ಹೀಬ್ರೂ ಕಲಿತದ್ದು

ಕಮಠಾಣದ ಹಾವಗೆಪ್ಪನಿಗೆ ನಾಲ್ಕು ಭಾಷೆ ಬರುತ್ತಿದ್ದವು. ಮನೆಯಲ್ಲಿ ಕನ್ನಡ, ಬೀದರದ ಪೇಟೆಯಲ್ಲಿ ಉರ್ದು, ಅತ್ತೆಮನೆಯಲ್ಲಿ ಮರಾಠಿ, ಬೈಯುವುದಕ್ಕೆ ತೆಲುಗು. ಪೊಲೀಸ್ ಶ್ವಾನದಳದಲ್ಲಿ ಹದಿನಾರು ವರ್ಷ ನಾಯಿ ಪಳಗಿಸಿದವನು. ಅಂಥವನ ನಾಲ್ಕೂ ಭಾಷೆ ಜೂಡಾ ಎಂಬ ನಾಯಿಯ ಮುಂದೆ ಮಣ್ಣುಪಾಲಾದವು. ಇಸ್ರೇಲಿನಲ್ಲಿ ಕಲಿತ ಆ ನಾಯಿಯನ್ನು ಯಾರೋ ಉದ್ಯಮಿ ದಳಕ್ಕೆ ದಾನ ಕೊಟ್ಟಿದ್ದ. "ಕೂಡು" ಅಂದರೆ ನಿಲ್ಲುತ್ತಿತ್ತು. "ಬೈಠ್" ಅಂದರೆ ಆಕಳಿಸುತ್ತಿತ್ತು.

"ನಿಮ್ಮ ಮಾತು ನಾನೇ ಕೇಳಂಗಿಲ್ಲ, ಅದೇನು ಕೇಳ್ತದರಿ?" ಅಂದಳು ಹೆಂಡತಿ ಗುರಮ್ಮ.

ಎಂಟನೆಯ ದಿನ ಬಿದರಿ ಕೆಲಸದ ಗೆಳೆಯ ಅಬ್ದುಲ ಖಾದರನ ಫೋನು ಬಂತು. "ಲಗೂನ ಬಾ. ದೀಪದ ಕಂಬ ಒಯ್ಯಾಕ ಮುಂಬೈದಿಂದ ರಬ್ಬಿ ಸಾಹೇಬ್ರು ಬಂದಾರ. ಯಹೂದಿ ಗುರುಗಳು. ನಿನ್ನ ನಾಯಿ ಭಾಷಾ ಅವರಿಗಿ ಬರ್ತದ."

ರಬ್ಬಿ ಎಲಿಯಾಹು ಪೇಣಕರ ಬಿಳಿಗಡ್ಡದ ಹಿರಿಯರು, ಆಡುವುದು ಅಚ್ಚ ಮರಾಠಿ. ಆದರೆ ನಾಯಿ ಕಂಡರೆ ಜೀವ ಬಾಯಿಗೆ ಬರುವವರು. ಜೂಡಾ ಖಾದರನ ಅಂಗಡಿಯೊಳಗೆ ಬಂದದ್ದೇ ತಡ, ಸ್ಟೂಲು ಹತ್ತಿ "ಶೇವ್!" ಎಂದು ಹೀಬ್ರೂದಲ್ಲಿ ಕಿರುಚಿದರು. ಜೂಡಾ ತಟ್ಟನೆ ಕುಳಿತು, ತವರಿನ ದನಿ ಕೇಳಿದಂತೆ ಕಿವಿ ನಿಮಿರಿಸಿತು. ಹಾವಗೆಪ್ಪನ ಕಣ್ಣಲ್ಲಿ ನೀರೇ ಬಂತು. "ಕರೆಯೋದು ಹ್ಯಾಂಗರಿ?" ಎಂದ. "ಬೋ," ಅಂದರು ರಬ್ಬಿ. ಜೂಡಾ ಸ್ಟೂಲಿಗೇ ಹಾರಿತು. ಉಳಿದ ಪಾಠವನ್ನು ಅವರು ಮಾಡಿದ್ದು ಬೀರುವಿನ ಮೇಲೆ ಕುಳಿತು.

ಮರುವಾರ ಭಾಲ್ಕಿಯಲ್ಲಿ ಅಂಗಡಿ ಕಳವು. ಜೂಡಾ ವಾಸನೆ ಹಿಡಿದು ಪೇಟೆಯಲ್ಲಿ ಓಡುತ್ತಿದ್ದಾಗ, ಕರಿದ ತಿಂಡಿಯ ಗಾಡಿಯ ಮುಂದೆ ನಿಂತ ವ್ಯಾಪಾರಿ ದಿಲೀಪ ಕೂಗಿದ: "ಗರಮಾಗರಂ ಶೇವ್!" ಜೂಡಾ ಅವನೆದುರೇ ಕುಳಿತುಬಿಟ್ಟಿತು. "ಕಳ್ಳ ಸಿಕ್ಕ!" ಎಂದರು ಜನ.

"ಯಪ್ಪಾ, ಕಡ್ಲಿಹಿಟ್ಟ ಬಿಟ್ರ ನಾ ಏನೂ ಮುಟ್ಟಿಲ್ಲರಿ!" ಎಂದು ದಿಲೀಪ ಕೈ ಮೇಲೆತ್ತಿದ.

ಹಾವಗೆಪ್ಪ ಅವನ ಕೈಹಿಡಿದು ಕ್ಷಮೆ ಕೇಳಿ, ಅರ್ಧ ಕಿಲೋ ಶೇವ್ ಕೊಂಡು ಮರಳಿದ.

ಔರಾದದಲ್ಲಿ ಮರ್ಯಾದೆ ಉಳಿಯಿತು. ಬಾವಿಯ ಮೋಟಾರು ಕದ್ದವನನ್ನು ಜೂಡಾ ಜೋಳದ ಕಣಕಿಯ ಬಣವೆಯೊಳಗೇ ಹಿಡಿಯಿತು. ಹಿಡಿದದ್ದು ಪ್ಯಾಂಟಿನ ಹಿಂಭಾಗ, ಬಿಡಲೊಲ್ಲದು. ಬಿಡಿಸುವ ಮಾತು ಹಾವಗೆಪ್ಪನಿಗೆ ಮರೆತೇಹೋಗಿತ್ತು. ರಬ್ಬಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅಂದು ಶನಿವಾರ, ಯಹೂದಿಗಳು ಫೋನು ಮುಟ್ಟದ ದಿನ. "ಬಿಡಪ್ಪಾ, ಛೋಡ್ ರೇ, ಸೋಡ್ ರೇ" ಎಂದು ಗೋಗರೆದ. ಅಷ್ಟರಲ್ಲಿ ಮೈಸೂರು ಕಡೆಯ ಪಿಎಸ್‌ಐ ಸಾಹೇಬರು ಓಡಿಬಂದು ಕಳ್ಳನಿಗೆ, "ಲೋ! ಲೋ!" ಎಂದು ಗದರಿದರು. ಜೂಡಾ ಪ್ಯಾಂಟು ಬಿಟ್ಟು ತೆಪ್ಪಗೆ ನಿಂತಿತು.

ಭಾನುವಾರ ರಬ್ಬಿಯೇ ಫೋನು ಮಾಡಿದರು. ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕು, ಹೀಬ್ರೂದಲ್ಲಿ "ಲೋ" ಅಂದರೆ "ಬೇಡ" ಎಂದು ತಿಳಿಸಿದರು. ಆಮೇಲೆ ಕುತೂಹಲದಿಂದ, ಸಾಹೇಬರೂ ಯಹೂದಿಗಳೇ ಎಂದು ಕೇಳಿದರು.

"ಇಲ್ಲರಿ," ಅಂದ ಹಾವಗೆಪ್ಪ, "ಅವರು ಮೈಸೂರಿನವರ‍್ರಿ."