ಕುಲುಮೆಯಣ್ಣನ ಉಪ್ಪುನೀರು

ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕುಲುಮೆಯಣ್ಣ ಎಂದೇ ಕರೆಯುತ್ತಿದ್ದರು. ಮೀಸೆ ಚಿಗುರಿದಾಗಿನಿಂದ ತಲೆ ನರೆಯುವವರೆಗೂ ಕರಗಿದ ಗಾಜಿನ ಮುಂದೆ ನಿಂತು ಬೆಂದವನು. ಅಲ್ಲಿ ಇದ್ದದ್ದು ಒಂದೇ ಮದ್ದು. ತಲೆ ಸುತ್ತಿತೇ, ಉಪ್ಪುನೀರು. ಕಾಲು ಸೋತಿತೇ, ಉಪ್ಪುನೀರು. ಯಾರಾದರೂ ಕುಸಿದುಬಿದ್ದರೆ ಮೇಸ್ತ್ರಿ ಓಡಿಬಂದು ಹಂಡೆಯಿಂದ ಒಂದು ಚೊಂಬು ಮೊಗೆದು ಬಾಯಿಗೆ ಹಿಡಿಯುತ್ತಿದ್ದ, ಬಿದ್ದವನು ಎದ್ದು ಕೂರುತ್ತಿದ್ದ. ಕಣ್ಣಾರೆ ಕಂಡ ಮೇಲೆ ಇನ್ನು ಯಾವ ಡಾಕ್ಟರು ಬೇಕು?

ಮಂಡಿ ಕೈಕೊಟ್ಟ ಮೇಲೆ ಅವನನ್ನು ಗೇಟಿನ ಪಕ್ಕದ ಕೋಣೆಗೆ ಹಾಕಿದರು. ತಲೆಯ ಮೇಲೆ ಫ್ಯಾನು, ಕೂರಲು ಕುರ್ಚಿ. ಬೆವರುವುದು ಮರೆತೇ ಹೋಯಿತು, ಉಪ್ಪುನೀರಿನ ಚೊಂಬು ಮಾತ್ರ ಮರೆಯಲಿಲ್ಲ. ಅದರಲ್ಲೂ ಧಾರಾಳ ಮನುಷ್ಯ ನೋಡಿ, ಹೆಂಡತಿ ಸುಸ್ತು ಎಂದರೆ ಅವಳಿಗೂ ಒಂದು ಲೋಟ ಕಲಸಿಟ್ಟೇ ಕೆಲಸಕ್ಕೆ ಹೊರಡುತ್ತಿದ್ದ.

ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಬೇರೆ ಯಾರದೋ ಮುಖವಿತ್ತು. ಕಣ್ಣಿನ ಸುತ್ತ ಊತ, ಬೆರಳಿನಿಂದ ಉಂಗುರ ಬರುತ್ತಿಲ್ಲ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದ. ಕುಳಿ ಬಿತ್ತು, ಬಿದ್ದ ಕುಳಿ ಹಾಗೇ ಉಳಿಯಿತು. ಯಾರಿಗೂ ಹೇಳದೆ ಪ್ಯಾಂಟು ಇಳಿಬಿಟ್ಟು ಕಾಲು ಮುಚ್ಚಿಕೊಂಡ, ಹುಂಬ! ಭಯವಾದಷ್ಟೂ ಉಪ್ಪು ಹೆಚ್ಚಿಸಿದ. ಉಪ್ಪು ಹೆಚ್ಚಿದಷ್ಟೂ ಮೈ ಭಾರವಾಯಿತು. ಕೊನೆಗೆ ಅಡ್ಡಾದರೆ ಸಾಕು ಉಸಿರು ಕಟ್ಟತೊಡಗಿತು. ಸತ್ತೇಹೋಗುತ್ತೇನೆಂದು ಗೋಡೆಗೆ ಒರಗಿ ಕೂತವನನ್ನು ಹೆಂಡತಿ ಕಂಡು, ಬೈಯುತ್ತಲೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆತಂದಳು.

ರಕ್ತ, ಮೂತ್ರ ಎಲ್ಲ ಪರೀಕ್ಷೆಯಾಯಿತು. ಡಾಕ್ಟರಮ್ಮ ದಿನಕ್ಕೆ ಏನೇನು ಕುಡಿಯುತ್ತೀರಿ ಎಂದು ಕೇಳಿದಾಗ ಅವನು ಚೊಂಬಿನ ಕಥೆಯನ್ನು ಹೆಮ್ಮೆಯಿಂದಲೇ ಹೇಳಿದ. ಆಕೆ ಪೆನ್ನು ಕೆಳಗಿಟ್ಟರು.

"ಯಜಮಾನ್ರೇ, ಕಿಡ್ನಿಗಳು ಒಳಗೆ ತಕ್ಕಡಿ ಹಿಡ್ಕೊಂಡು ಕೂತಿರ್ತವೆ. ನೀರಾಗ್ಲಿ ಉಪ್ಪಾಗ್ಲಿ, ಹೆಚ್ಚಾದ್ರೆ ಹೊರಗೆ ಹಾಕ್ತವೆ, ಕಮ್ಮಿಯಾದ್ರೆ ಉಳಿಸ್ಕೊಳ್ತವೆ. ಕುಲುಮೆ ಮುಂದೆ ನಿಮ್ಮ ಉಪ್ಪೆಲ್ಲ ಬೆವರಲ್ಲಿ ಹೋಗ್ತಿತ್ತು. ಈಗ ಫ್ಯಾನ್ ಕೆಳಗೆ ಕೂತು ಅಷ್ಟೇ ಕುಡಿದ್ರೆ? ಬಿಪಿ ಏರಿದೆ, ಕಿಡ್ನಿಗಳು ಸೊರಗಿ ಹೋಗಿವೆ."

"ಸರಿ ಹೋಗ್ತವಾ, ಡಾಕ್ಟ್ರೇ?"

"ಹೋಗಿದ್ದು ಪೂರ್ತಿ ವಾಪಸ್ ಬರಲ್ಲ. ಉಳಿದಿದ್ದನ್ನ ಕಾಪಾಡೋಣ."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇವನಿಗೆ ಇನ್ನು ಮೇಲೆ ಆ ನೀರೂ ಅಳತೆಯದೇ. ಆದರೆ ಅವನು ಹೆದರಿದ್ದು ಅದಕ್ಕಲ್ಲ. ಅವನಿಗೆ ಅಡುಗೆಮನೆಯ ಕಟ್ಟೆಯ ಮೇಲೆ ತಾನು ಹೆಂಡತಿಗೆಂದು ಇಟ್ಟುಬರುತ್ತಿದ್ದ ಲೋಟ ನೆನಪಾಗಿತ್ತು. ಬಡಬಡನೆ ಮಂಚದಿಂದ ಇಳಿದು, ಡಾಕ್ಟರಮ್ಮನ ಎದುರಿಗೇ ನೆಲಕ್ಕೆ ಕುಕ್ಕರಿಸಿ, ಪಕ್ಕದಲ್ಲೇ ನಿಂತಿದ್ದ ಹೆಂಡತಿಯ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದ.

"ರೀ, ಇದೇನ್ರೀ ಇದು? ಏಳಿ ಮೇಲೆ!"

"ನಿಂಗೂ ಕುಡಿಸಿದೀನಲ್ಲೇ! ನನ್ನ ಕೈಯಾರೆ ಕುಡಿಸಿದೀನಲ್ಲೇ!"

ಹೆಬ್ಬೆರಳು ತೆಗೆದ. ಒತ್ತಿದ ಜಾಗ ಮೇಲೆದ್ದು ಸಮವಾಯಿತು. ನಂಬಿಕೆ ಬರದೆ ಇನ್ನೊಂದು ಕಾಲನ್ನೂ ಒತ್ತಿ ನೋಡಿದ. ಅದೂ ಸಮವಾಯಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನಾನೆಲ್ಲಿ ಕುಡಿದೆ? ಬಾಯಿಗಿಟ್ಟರೆ ವಾಂತಿ ಬರೋದು. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ನೀವು ಹೊಸ್ತಿಲು ದಾಟಿದ ಕೂಡ್ಲೇ ಬಚ್ಚಲಿಗೆ ಸುರೀತಿದ್ದೆ."

ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನಿಂದ ಮುಚ್ಚಿಟ್ಟದ್ದಕ್ಕೆ ಅವನು ಖುಷಿಪಟ್ಟದ್ದು ಅದೇ ಮೊದಲು. ನಗುತ್ತಲೇ ಅವಳ ಪಾದ ಹಿಡಿದುಕೊಂಡು ಕೂತ. ಆಮೇಲೆ ಕಣ್ಣು ಹೋದದ್ದು ತನ್ನ ಕಾಲಿನ ಕಡೆಗೆ. ಅದನ್ನೂ ಒತ್ತಿದ, ಬಿದ್ದ ಕುಳಿ ಹಾಗೇ ಉಳಿಯಿತು.

"ನಂದನ್ನೂ ಸುರಿದುಬಿಡಬಾರದಿತ್ತೇನೇ?" ಎಂದ.